ಮಾವನ ಗಾಡಿಗೆ ಏನೂ ಆಗಿರಲಿಲ್ಲ

ನನ್ನ ಮಾವನ ಮೋಟಾರ್ ಸೈಕಲ್ಲು ಕೆಟ್ಟಿರಲಿಲ್ಲ. ಕೆಟ್ಟಿದೆ ಎಂದು ಮೆಕ್ಯಾನಿಕ್ಕನ ಬಾಯಲ್ಲಿ ಹೇಳಿಸಿದವಳು ನಾನು. ಎರಡು ವರ್ಷ ಈ ಮಾತನ್ನು ಯಾರಿಗೂ ಹೇಳಲಿಲ್ಲ — ನನ್ನ ಗಂಡನಿಗೂ.

ನಮ್ಮ ಮನೆ ಮಳವಳ್ಳಿಯಲ್ಲಿ. ಮಾವ ನಿವೃತ್ತ ಮೇಷ್ಟ್ರು. ಪ್ರತಿ ಬುಧವಾರ ತಿಂಡಿ ಮುಗಿಸಿ, ತಮ್ಮ ಹಳೆಯ ಗಾಡಿ ಹತ್ತಿ ಪೂರಿಗಾಲಿಗೆ ಹೋಗುತ್ತಿದ್ದರು. ಅಲ್ಲಿ ಅವರ ಬಾಲ್ಯದ ಗೆಳೆಯ ಚಿಕ್ಕೇಗೌಡರಿದ್ದರು. ಲಕ್ವ ಹೊಡೆದು ಗೌಡರ ನಾಲಿಗೆ ತೊದಲಾಗಿತ್ತು. ಹೆಂಡತಿಗೂ ತಿಳಿಯದ ಆ ಮಾತು ಮಾವನಿಗೆ ಮಾತ್ರ ಹೇಗೋ ತಿಳಿಯುತ್ತಿತ್ತು. ಇಬ್ಬರೂ ಜಗಲಿಯಲ್ಲಿ ಕೂತು ಸಂಜೆಯವರೆಗೆ ಹರಟುತ್ತಿದ್ದರಂತೆ.

ಒಂದು ಚಳಿಗಾಲ ಮಾವನ ಎರಡೂ ಕಣ್ಣಿಗೆ ಪೊರೆಯ ಆಪರೇಷನ್ ಆಯಿತು. ಶಿವರಾತ್ರಿ ಕಳೆಯುವವರೆಗೆ ಗಾಡಿ ಮುಟ್ಟಬೇಡಿ ಎಂದರು ಡಾಕ್ಟರು. ಮಾವ ಗಾಡಿಯನ್ನು ಡಬಲ್ ಸ್ಟ್ಯಾಂಡ್ ಹಾಕಿ ನಿಲ್ಲಿಸಿ, ಬ್ಯಾಟರಿಯ ವೈರು ಕಳಚಿ, ತಮ್ಮ ಹಳೇ ಪಂಚೆ ಹೊದಿಸಿದರು. ಪೆಟ್ರೋಲು ಖಾಲಿ ಮಾಡುವುದೊಂದನ್ನು ಮರೆತರು.

ಶಿವರಾತ್ರಿ ಕಳೆಯಿತು. ಕಣ್ಣು ಚೆನ್ನಾಗಿದೆ, ಓಡಿಸಬಹುದು ಎಂದು ಡಾಕ್ಟರೇ ಹೇಳಿದರು. ಮಾವ ಎಷ್ಟು ಕಿಕ್ ಹೊಡೆದರೂ ಗಾಡಿ ಸ್ಟಾರ್ಟ್ ಆಗಲಿಲ್ಲ. ತಳ್ಳಿಕೊಂಡು ಹೋಗಿ ಮೆಕ್ಯಾನಿಕ್ ನಾಗರಾಜುವಿನ ಅಂಗಡಿಯಲ್ಲಿ ಬಿಟ್ಟು ಬಂದರು. ಮರುದಿನ ನಾನು ಪಾಠ ಮಾಡುವ ಸ್ಕೂಲಿಗೆ ಹೋಗುವಾಗ ಅಲ್ಲಿ ನಿಂತೆ.

"ಏನೂ ಆಗಿಲ್ಲ ಕಣಕ್ಕಾ. ಹಳೇ ಪೆಟ್ರೋಲು ನಿಂತು ಕಾರ್ಬೊರೇಟರ್ ಕಟ್ಕಂಡದೆ. ತೊಳುದ್ಬುಟ್ರೆ ಆಯ್ತು, ಅರ್ಧ ಗಂಟೆ ಕೆಲ್ಸ."

"ಸಾಮಾನು ಸಿಗಲ್ಲ ಅಂತ ಹೇಳ್ಬಿಡಿ ನಾಗರಾಜು. ಅವರ ವಯಸ್ಸು ನೋಡಿ."

"ನನ್ಗೆ ಅಕ್ಸರ ಕಲ್ಸಿದ ಮೇಷ್ಟ್ರು ಕಣಕ್ಕಾ..." ಎಂದ. ಆದರೂ ನನ್ನ ಮಾತು ತೆಗೆದುಹಾಕಲಿಲ್ಲ. ಮಾವ ನಂಬಿದರು. ಗಾಡಿ ಮತ್ತೆ ಪಂಚೆಯಡಿ ಸೇರಿತು.

ಭಯಕ್ಕೆ ಹಾಗೆ ಮಾಡಿದೆ ಎನ್ನಬಹುದಿತ್ತು. ಭಯ ಇತ್ತು, ಸುಳ್ಳಲ್ಲ. ಆದರೆ — ಆಪರೇಷನ್ ಆದಮೇಲಿನ ಆ ನಾಲ್ಕು ತಿಂಗಳು ಬುಧವಾರವೂ ಮಾವ ಮನೆಯಲ್ಲಿದ್ದರು. ಮೂರು ಗಂಟೆಗೆ ಮಗಳು ಸ್ಕೂಲಿಂದ ಬಂದರೆ ಬಾಗಿಲು ತೆಗೆಯಲು ಒಬ್ಬರಿದ್ದರು. ಪಕ್ಕದ ಮನೆಯವರನ್ನು ನಾನು ಬೇಡಬೇಕಿರಲಿಲ್ಲ. ನನಗೆ ಅದು ರೂಢಿಯಾಗಿಬಿಟ್ಟಿತ್ತು. ಅಷ್ಟೇ — ನನ್ನ ಅನುಕೂಲ.

ಮಾವ ಕೆಲವು ಸಲ ಬಸ್ಸಿನಲ್ಲಿ ಹೋದರು. ಗೌಡರ ಮನೆ ತೋಟದಲ್ಲಿ, ಬಸ್ಸು ಇಳಿದು ಬಹಳ ದೂರ ನಡೆಯಬೇಕು. ಮಂಡಿ ನೋವು ಜಾಸ್ತಿಯಾಯಿತು. ತಿಂಗಳಿಗೊಮ್ಮೆ, ಆಮೇಲೆ ಹಬ್ಬಕ್ಕೊಮ್ಮೆ, ಆಮೇಲೆ...

ಎರಡು ವರ್ಷದ ನಂತರ ಸಹೋದ್ಯೋಗಿಯೊಬ್ಬರ ಗೃಹಪ್ರವೇಶಕ್ಕೆ ಪೂರಿಗಾಲಿಗೆ ಹೋದವಳು ಗೌಡರನ್ನೂ ನೋಡಿಬರೋಣವೆಂದು ತೋಟಕ್ಕೆ ಹೋದೆ. ಗೌಡರು ಜಗಲಿಯಲ್ಲಿ ಗೋಡೆ ನೋಡುತ್ತ ಕೂತಿದ್ದರು. ಮಾತಾಡಿಸಿದೆ. ತುಟಿ ಅಲುಗಲಿಲ್ಲ.

ಅವರ ಹೆಂಡತಿ ಲಿಂಗಮ್ಮ ಹೇಳಿದರು: "ಮೇಷ್ಟ್ರು ಬರೋದು ನಿಂತ್‌ಮ್ಯಾಕೆ ಇವ್ರು ಬಾಯೇ ಬುಡ್ನಿಲ್ಲ ಕಣಮ್ಮ. ಸುರುವಿಗೆ ಬುಧವಾರ ಬುಧವಾರ ಬಂದು ಇಲ್ಲೇ ಕಾಯ್ಕಂಡು ಕೂತ್ಕತಿದ್ರು. ಆಮೇಲೆ ಅದ್ನೂ ಬುಟ್ರು."

ಅವತ್ತು ಸಂಜೆ ಮನೆಗೆ ಬಂದವಳೇ ಮಾವನ ಮುಂದೆ ನಿಂತು ಎಲ್ಲ ಹೇಳಿದೆ. ಅವರು ಎದ್ದು ಹೋಗಿ ಗಾಡಿಯ ಮೇಲಿನ ಪಂಚೆ ಸರಿಸಿ ನೋಡಿದರು. ಕೊನೆಗೆ, "ಹೋಗಬೇಡಿ ಅಂತ ನನಗೇ ಹೇಳಿದ್ದಿದ್ರೆ, ನಿನ್ನ ಹತ್ರ ಜಗಳ ಆಡಿಯಾದ್ರೂ ಹೋಗ್ತಿದ್ದೆನಮ್ಮಾ" ಎಂದರು.

ನಾಗರಾಜು ಮನೆಗೇ ಬಂದ. ಈ ಸಲ ಅರ್ಧ ಗಂಟೆಯ ಕೆಲಸವಾಗಿರಲಿಲ್ಲ. ಟ್ಯಾಂಕಿನೊಳಗೆ ತುಕ್ಕು ಹಿಡಿದಿತ್ತು, ಟೈರು ಬಿರಿದಿದ್ದವು, ಬ್ಯಾಟರಿ ಸತ್ತಿತ್ತು. ನಾಲ್ಕು ದಿನ ಹಿಡಿಯಿತು. ಐದನೆಯ ದಿನ ಗಾಡಿ ಕೆಮ್ಮಿ ಕೆಮ್ಮಿ ಸ್ಟಾರ್ಟ್ ಆಯಿತು. ಮಾವ ಹತ್ತಿದರು. ಬೀದಿಯ ಕೊನೆಯವರೆಗೆ ಹೋಗಿ ತಿರುಗಿಸುವಾಗ ವಾಲಿದರು, ಕಾಲು ಊರಿ ಹೇಗೋ ನಿಂತರು. ಇಳಿದು, ಗಾಡಿ ತಳ್ಳಿಕೊಂಡು ಬಂದರು.

"ಕೈಯಲ್ಲಿ ಹಿಡಿತ ಇಲ್ಲಮ್ಮಾ. ಎರಡು ವರ್ಷದ ಹಿಂದೆ ಇತ್ತು."

ಅವರು ಅದನ್ನು ಚುಚ್ಚಲೆಂದು ಹೇಳಲಿಲ್ಲ. ಇದ್ದದ್ದನ್ನು ಹೇಳಿದರು. ಅವರಿಗೆ ಗಾಡಿ ಓಡಿಸಲು ಉಳಿದಿದ್ದ ಕೊನೆಯ ಎರಡು ವರ್ಷಗಳನ್ನೇ ನಾನು ಕಿತ್ತುಕೊಂಡಿದ್ದೆ.

ಈಗ ಬುಧವಾರ ಮಧ್ಯಾಹ್ನ ಸ್ಕೂಲಿಗೆ ಅರ್ಧ ದಿನ ರಜೆ ಹಾಕಿ, ನನ್ನ ಸ್ಕೂಟರಿನ ಹಿಂದೆ ಮಾವನನ್ನು ಕೂರಿಸಿಕೊಂಡು ಪೂರಿಗಾಲಿಗೆ ಹೋಗುತ್ತೇನೆ. ಮಾವ ಮಾತಾಡುತ್ತಾರೆ. ಗೌಡರು ಅವರ ಕೈ ಹಿಡಿದು ಕೂತಿರುತ್ತಾರೆ. ಬಾಯಿ ಇನ್ನೂ ತೆರೆದಿಲ್ಲ.

ಲಿಂಗಮ್ಮ ಪ್ರತಿ ಸಲ ಮಜ್ಜಿಗೆ ಕೊಡುತ್ತ ಅನ್ನುತ್ತಾರೆ: "ನಿನ್ನಂಥ ಸೊಸೆ ಯಾರ್‌ಗ್ ಸಿಕ್ತಾಳೆ ಏಳವ್ವ, ಮಾವನ್ನ ಇಷ್ಟು ದೂರ ಕರ್ಕಂಡ್ ಬತ್ತೀಯ."

ನಾನು ಮಜ್ಜಿಗೆ ಕುಡಿದು ಲೋಟ ವಾಪಸ್ ಕೊಡುತ್ತೇನೆ. ಆ ಹೆಂಗಸಿಗೆ ಇನ್ನೂ ಹೇಳಿಲ್ಲ. ನಾಳೆ ಬುಧವಾರ. ಮಜ್ಜಿಗೆ ತೆಗೆದುಕೊಳ್ಳುವ ಮೊದಲೇ ಹೇಳಬೇಕು.