ಕನ್ನಡದಲ್ಲಿ ಕೇಳಿದವರಿಗೆ ಇಲ್ಲ ಅನ್ನಲಿಲ್ಲ

ಸೂಜಿ ಚುಚ್ಚಿದ್ದು ನನಗೆ ಗೊತ್ತಾಗಲಿಲ್ಲ. ಬಿಳಿ ನೂಲಿನ ಮೇಲೆ ರಕ್ತ ಕಂಡಾಗಲೇ ಗೊತ್ತಾದದ್ದು.

ಬೆಳಗಿನ ಹನ್ನೊಂದರ ಹೊತ್ತು. ಯೆರವಡಾದ ನನ್ನ ಎರಡನೇ ಮಹಡಿಯ ಮನೆಯಲ್ಲಿ ಕಿಟಕಿಯ ಪಕ್ಕ ಕೂತು, ಮದುಮಗಳಿಗೆ ಕೊಡುವ ಕಪ್ಪು ಚಂದ್ರಕಾಳಿ ಸೀರೆಯ ಸೆರಗಿನ ಮೇಲೆ ಕಸೂತಿಯ ತೊಟ್ಟಿಲ ಚಿತ್ತಾರ ಹಾಕುತ್ತಿದ್ದೆ. ಸೂಜಿ ಬಟ್ಟೆಯ ಕೆಳಗಿನಿಂದ ಮೇಲೆ ಬರುತ್ತದೆ, ಬಲಗೈಯ ತೋರುಬೆರಳು, ಹೆಬ್ಬೆರಳು ಅದನ್ನು ಹಿಡಿದು ಎಳೆಯುತ್ತವೆ. ಇಪ್ಪತ್ತು ವರ್ಷಗಳಿಂದ ಮಾಡುತ್ತ ಬಂದ ಕೆಲಸ. ಅಂದು ಸೂಜಿಯ ತುದಿ ಬೆರಳಿನೊಳಗೇ ಹೋಗಿತ್ತು. ನೋವಿಲ್ಲ. ಬೆರಳನ್ನು ಬಾಯಲ್ಲಿಟ್ಟುಕೊಂಡೆ. ಬೇರೆ ಯಾರದೋ ಬೆರಳು ಬಾಯಲ್ಲಿದ್ದ ಹಾಗಿತ್ತು.



ಆಮೇಲೆ ನಾನು ಮಾಡಿದ್ದೇನು? ಕಲೆಯನ್ನು ಒದ್ದೆ ಬಟ್ಟೆಯಿಂದ ಒರೆಸಿದೆ, ನೂಲು ಬದಲಿಸಿದೆ, ಮತ್ತೆ ಹೊಲಿಯಲು ಕೂತೆ. ಇದನ್ನು ಹೆಮ್ಮೆಯಿಂದ ಹೇಳುತ್ತಿಲ್ಲ. ನನ್ನಷ್ಟು ಹಟಮಾರಿ ಹೆಂಗಸನ್ನು ನಾನೇ ನೋಡಿಲ್ಲ.

ಊರು ಧಾರವಾಡ. ಪುಣೆಗೆ ಬಂದು ಹನ್ನೊಂದು ವರ್ಷವಾಯಿತು. ಮೊದಲು ಒಂದು ಗಾರ್ಮೆಂಟ್ ಕಂಪನಿಯಲ್ಲಿ ಡಿಸೈನರ್ ಆಗಿದ್ದೆ. ಅದನ್ನು ಬಿಟ್ಟು ಸ್ವಂತ ಕೆಲಸ ಶುರು ಮಾಡಿ ಆರು ವರ್ಷ. ಗ್ರಾಫ್ ಹಾಳೆಯ ಮೇಲೆ ಚಿತ್ರ ಕಟ್ಟುವುದೂ ನಾನೇ, ನೂಲು ತರುವುದೂ ನಾನೇ, ಹೊಲಿಯುವುದೂ ಕಳಿಸುವುದೂ ನಾನೇ. ಮದುವೆಯಾಗಲಿಲ್ಲ. ಅವ್ವ ತೀರಿಕೊಂಡು ಮೂರು ವರ್ಷವಾಯಿತು. ಗದಗದಲ್ಲಿ ತಮ್ಮನಿದ್ದಾನೆ, ಹಬ್ಬಕ್ಕೊಮ್ಮೆ ಫೋನ್ ಮಾಡುತ್ತಾನೆ.

ಸ್ವಂತ ಕೆಲಸ ಮಾಡುವವರು ಮೈ ಮುರಿದುಕೊಳ್ಳುವುದು ಆಸೆಯಿಂದ ಅಂತ ಜನ ತಿಳಿಯುತ್ತಾರೆ. ನನ್ನ ಕತೆ ಬೇರೆ. ಮರಾಠಿ ಗಿರಾಕಿಗಳಿಗೆ ನಾನು ಸಲೀಸಾಗಿ "ನಾಹೀ ಜಮಣಾರ" ಅನ್ನುತ್ತಿದ್ದೆ. ಆಗುವುದಿಲ್ಲ ಅಂದರೆ ಆಗುವುದಿಲ್ಲ, ಅಷ್ಟೇ. ಇಂಗ್ಲಿಷಿನಲ್ಲಿ ಬಂದ ಮೆಸೇಜಿಗೆ ಎರಡು ಸಾಲಿನಲ್ಲಿ ಸಾರಿ ಬರೆದು ಕೈ ತೊಳೆದುಕೊಳ್ಳುತ್ತಿದ್ದೆ. ಆದರೆ ಫೋನಿನಲ್ಲಿ ಯಾರಾದರೂ "ಗಿರಿಜಾಬಾಯಿ ಏನ್ರಿ? ನೀವು ನಮ್ಮ ಕಡೇವ್ರಂತ" ಅಂದರೆ ಮುಗಿಯಿತು. ಇಲ್ಲ ಅನ್ನಲು ನಾಲಿಗೆ ಹೊರಳುತ್ತಿರಲಿಲ್ಲ. ಮಗುವಿಗೆ ಕುಂಚಿಗೆ ಬೇಕು, ಹೂಂ. ಸೀಮಂತಕ್ಕೆ ಕುಪ್ಪಸದ ಕಣ ಬೇಕು, ಹೂಂ. ಅವರು ಕೆಲಸ ಹೇಳಿ ಸುಮ್ಮನಾಗುವವರಲ್ಲ. ಊಟ ಆಯಿತೇ, ಏನು ಪಲ್ಯ, ಅಲ್ಲಿ ಜೋಳದ ಹಿಟ್ಟು ಎಲ್ಲಿ ಸಿಗುತ್ತದೆ, ಎಲ್ಲ ಕೇಳುತ್ತಾರೆ. ನೂಲಿನ ಬಣ್ಣ ಕೇಳಲು ನಾನು ಬೇಕೆಂದೇ ಮತ್ತೊಮ್ಮೆ ಫೋನ್ ಮಾಡುತ್ತಿದ್ದೆ. ಇಡೀ ದಿನದಲ್ಲಿ ನಾನು ಬಾಯಿ ತುಂಬ ಮಾತಾಡುತ್ತಿದ್ದದ್ದು ಅಷ್ಟೇ.

ಹೀಗೆ ಕನ್ನಡದಲ್ಲಿ ಕೇಳಿದವರದೇ ಒಂಬತ್ತು ಕೆಲಸ ಒಟ್ಟಿಗೆ ಮೈಮೇಲೆ ಬಿದ್ದವು. ಎಲ್ಲಕ್ಕಿಂತ ದೊಡ್ಡದು ಶಕುಂತಲಾಬಾಯಿಯವರದು. ವಿಜಯಪುರದ ಕಡೆಯ ಬಟ್ಟೆ ವ್ಯಾಪಾರದ ಮನೆತನ, ಮೂರು ತಲೆಮಾರಿನಿಂದ ಪುಣೆಯಲ್ಲಿದ್ದಾರೆ, ಈಗ ವಿಮಾನ ನಗರದಲ್ಲಿ ಮನೆ. "ಮೊಮ್ಮಗಳ ಮದವಿ ಅದರಿ. ಚಂದ್ರಕಾಳಿ ನಿಮ್ಮ ಕೈಲೇನ ಆಗಬೇಕು. ಎರಡೂ ಕಡೆ ಒಂದ ನಮೂನಿ ಕಾಣಬೇಕು ನೋಡ್ರಿ, ನಮ್ಮ ಅಜ್ಜೀದು ಹಂಗ ಇತ್ತು" ಅಂದಿದ್ದರು. ಎರಡು ದಿನಕ್ಕೊಮ್ಮೆ ಫೋನ್ ಮಾಡುತ್ತಿದ್ದರು. ಆ ಫೋನಿಗಾಗಿ ಕಾಯುತ್ತಿದ್ದೆ ಅಂತ ಈಗ ಒಪ್ಪಿಕೊಳ್ಳುತ್ತೇನೆ.

ಕಸೂತಿಗೆ ಗಂಟು ಹಾಕುವಂತಿಲ್ಲ, ಬಟ್ಟೆಯ ಮೇಲೆ ಗುರುತು ಬರೆದುಕೊಳ್ಳುವಂತಿಲ್ಲ. ಎಳೆ ಎಣಿಸಿ ಸೂಜಿ ಹಾಕಬೇಕು. ಹೋಗುವಾಗ ಒಂದು ಬಿಟ್ಟು ಒಂದು ಹೊಲಿಗೆ. ಬರುವಾಗ ಬಿಟ್ಟ ಜಾಗ ತುಂಬುತ್ತ ಹೊರಟಲ್ಲಿಗೇ ಬಂದು ಮುಟ್ಟಬೇಕು. ಹೋಗುವಾಗ ಒಂದೇ ಒಂದು ಎಳೆ ತಪ್ಪಿದರೂ ಬರುವಾಗ ದಾರಿ ಸಿಗುವುದಿಲ್ಲ.

ರಕ್ತ ಬಂದ ಮೇಲೂ ಎರಡು ವಾರ ಎಳೆದಾಡಿದೆ. ಕೈ ಜೋಮು ಹಿಡಿದರೆ ಜಾಡಿಸಿ ಮತ್ತೆ ಹಿಡಿಯುವುದು. ಲೋಟ ಜಾರಿ ಬಿದ್ದರೆ ಸ್ಟೀಲಿನದು ತಾನೇ ಅಂದುಕೊಳ್ಳುವುದು. ಅಡುಗೆ ಬಿಟ್ಟು ಬ್ರೆಡ್ಡಿನ ಮೇಲೆ ದಿನ ತಳ್ಳಿದೆ. ಸುಮ್ಮನೆ ಕೂತಲ್ಲೇ ಕಣ್ಣಲ್ಲಿ ನೀರು ಬರುತ್ತಿತ್ತು, ಯಾಕೆ ಅಂತ ತಿಳಿಯುತ್ತಿರಲಿಲ್ಲ. ಒಂದು ಮಧ್ಯಾಹ್ನ ಸೆರಗಿನ ನವಿಲುಗಳ ಸಾಲು ಮುಗಿಸಿ ಮರಳುವ ಹೊಲಿಗೆ ಹಾಕತೊಡಗಿದರೆ ಒಂದೂ ಕೂಡುತ್ತಿಲ್ಲ. ಕನ್ನಡಕ ಒರೆಸಿ ಎಣಿಸಿದೆ. ಮೊದಲನೆಯ ನವಿಲಿನಲ್ಲೇ ಒಂದು ಎಳೆ ತಪ್ಪಿತ್ತು. ಅಲ್ಲಿಂದ ಹನ್ನೆರಡು ನವಿಲೂ ತಪ್ಪು.

ಬಿಚ್ಚಲು ಕತ್ತರಿ ಎತ್ತಿದೆ. ಕತ್ತರಿ ಕೈಯಲ್ಲಿ ನಿಲ್ಲಲಿಲ್ಲ.

ಮರುದಿನ ಆಸ್ಪತ್ರೆಗೆ ಹೋದೆ. ಚಿಕ್ಕ ವಯಸ್ಸಿನ ಆರ್ಥೋಪೆಡಿಕ್ ಡಾಕ್ಟರು. ನನ್ನ ಎರಡೂ ಅಂಗೈಗಳನ್ನು ಪಕ್ಕಪಕ್ಕ ಇಡಿಸಿ ನೋಡಿದರು. ಬಲ ಹೆಬ್ಬೆರಳಿನ ಬುಡದಲ್ಲಿ ಇರಬೇಕಾದ ದಪ್ಪ ಸ್ನಾಯು ತಗ್ಗು ಬಿದ್ದಿತ್ತು. ದಿನವಿಡೀ ಆ ಕೈಯನ್ನೇ ನೋಡುತ್ತ ಕೂರುವ ನನಗೆ ಅದು ಕಂಡೇ ಇರಲಿಲ್ಲ. ನರ್ವ್ ಕಂಡಕ್ಷನ್ ಟೆಸ್ಟ್ ಮಾಡಿಸಿದರು. ಮೊಣಕೈಯಿಂದ ಬೆರಳ ತನಕ ಸಣ್ಣಸಣ್ಣ ಕರೆಂಟು ಹೊಡೆಸುತ್ತಾರೆ. ಎಡಗೈ ಹಾರಿ ಬೀಳುತ್ತಿತ್ತು. ಬಲಗೈ ಸುಮ್ಮನೆ ಬಿದ್ದಿತ್ತು.

ಕಾರ್ಪಲ್ ಟನಲ್ ಸಿಂಡ್ರೋಮ್, ಮಣಿಕಟ್ಟಿನಲ್ಲಿ ನರ ಒತ್ತಿಹೋಗುವ ಕಾಯಿಲೆ. ಸಿವಿಯರ್.

"ಎಷ್ಟು ದಿನದಿಂದ?" ಡಾಕ್ಟರು ಮರಾಠಿಯಲ್ಲಿ ಕೇಳಿದರು. ಎರಡು ತಿಂಗಳು ಅಂದೆ. ಅವರು ಹೆಬ್ಬೆರಳಿನ ಬುಡದ ತಗ್ಗನ್ನು ಒತ್ತಿ ತೋರಿಸಿದರು. ಒಂದು ವರ್ಷವಾಗಿರಬಹುದು ಅಂತ ತಿದ್ದಿಕೊಂಡೆ. ಮತ್ತೆ ಕಸೂತಿ ಹಾಕಬಹುದೇ ಅಂತ ಕೇಳಿದೆ. ಆಪರೇಷನ್ ಮಾಡದಿದ್ದರೆ ಇರುವ ಬಲವೂ ಹೋಗುತ್ತದೆ, ಮಾಡಿದರೆ ಹೋದದ್ದು ಎಷ್ಟು ಮರಳುತ್ತದೆ ಅಂತ ಈಗಲೇ ಹೇಳಲಾರೆ ಅಂದರು. ನಿದ್ದೆ ಹೇಗೆ, ಊಟ ಹೇಗೆ, ಕಡೆಯ ಸಲ ರಜೆ ಯಾವಾಗ ತೆಗೆದುಕೊಂಡಿರಿ ಅಂತ ಕೇಳಿದರು. ನೆನಪಾಗಲಿಲ್ಲ. ನಗಲು ಹೋಗಿ ಅತ್ತುಬಿಟ್ಟೆ.

"ಫಕ್ತ ಹಾತ್ ನಾಹೀ ಥಕಲಾ" ಅಂದರು. ದಣಿದಿರುವುದು ಬರೀ ಕೈ ಅಲ್ಲ ಅಂತ. ಪ್ರಿಸ್ಕ್ರಿಪ್ಷನ್ ಬರೆಯುತ್ತ "ಘರೀ ಕೋಣ್ ಆಹೇ?" ಅಂತ ಕೇಳಿದರು. ಮನೆಯಲ್ಲಿ ಯಾರಿದ್ದಾರೆ?

"ಮೀ" ಅಂದೆ. ನಾನು.

ಅವತ್ತೇ ಶಕುಂತಲಾಬಾಯಿಗೆ ಫೋನ್ ಮಾಡಬೇಕಿತ್ತು. ಮದುವೆಗೆ ಇನ್ನೂ ಐದು ವಾರವಿತ್ತು, ಹೇಳಿದ್ದರೆ ಬೇರೆಯವರನ್ನು ಹುಡುಕಿಕೊಳ್ಳುತ್ತಿದ್ದರು. ನಾಲ್ಕು ದಿನ ಬಾಯಿ ಬಿಡಲಿಲ್ಲ. ಅವರು ಫೋನ್ ಮಾಡಿದಾಗ "ನಡದದ್ರಿ" ಅಂತ ಸುಳ್ಳು ಹೇಳಿ, ಅವರ ಮನೆಯ ಮದುವೆ ಸುದ್ದಿ ಕೇಳುತ್ತ ಕೂತೆ. ಹೇಳಿಬಿಟ್ಟರೆ ಇನ್ನು ಫೋನ್ ಬರುವುದಿಲ್ಲ, ಆ ಹೆದರಿಕೆಯೇ ಕೈಯ ಚಿಂತೆಗಿಂತ ದೊಡ್ಡದಾಗಿತ್ತು. ಬರೆಯಲು ನಾಚಿಕೆಯಾಗುತ್ತದೆ, ಆದರೆ ನಿಜ.

ಐದನೇ ದಿನ ಹೇಳಿದೆ. ಅವರೇ ಕಾರು ಮಾಡಿಕೊಂಡು ಬಂದು ಎರಡು ಮಹಡಿ ಹತ್ತಿದರು. ಸೀರೆ ಬಿಡಿಸಿ, ಅರ್ಧಕ್ಕೆ ನಿಂತ ಸೆರಗನ್ನು ಬೆಳಕಿಗೆ ಹಿಡಿದು, ತಿರುಗಿಸಿ ಹಿಂದೆ ಮುಂದೆ ನೋಡಿದರು.

"ಮೊದಲ ಯಾಕ ಹೇಳಲಿಲ್ರಿ? ನಾ ಏನು ಹುಲಿ ಇದ್ದೇನೇನು, ತಿಂದು ಬಿಡ್ತಿದ್ನೇನು?"

"ತಪ್ಪಾತ್ರಿ."

"ಮೊನ್ನೆ ಕೇಳಿದಾಗ ನಡದದ ಅಂದ್ರಿ."

ಅವರು ಸೀರೆ ಮಡಚಿ ಚೀಲಕ್ಕೆ ಹಾಕಿಕೊಂಡರು. ಚಹಾ ಮಾಡುತ್ತೇನೆ ಅಂದೆ, ಬ್ಯಾಡ್ರಿ ಅಂದರು. ಉಳಿದ ಎಂಟು ಜನಕ್ಕೂ ಅವತ್ತೇ ಫೋನ್ ಮಾಡಿ ಹೇಳಿದೆ. ಎಲ್ಲರೂ ಒಳ್ಳೆಯ ಮಾತನ್ನೇ ಆಡಿದರು. ಕಾಳಜಿ ತಗೋರಿ, ಆರಾಮಾಗ್ರಿ ಅಂದರು. ಆಮೇಲೆ ಫೋನು ಸುಮ್ಮನಾಯಿತು. ನಾನು ಅಂದುಕೊಂಡ ಹಾಗೆಯೇ ಆಯಿತು.

ಆಪರೇಷನ್ ದಿನ ಜೊತೆಗೆ ಒಬ್ಬರು ಇರಲೇಬೇಕು ಅಂತ ನರ್ಸ್ ಹೇಳಿದ್ದಳು. ಮೊಬೈಲಿನಲ್ಲಿ ಹೆಸರುಗಳನ್ನು ಮೇಲೆ ಕೆಳಗೆ ಮಾಡಿದೆ. ಬರೀ ಗಿರಾಕಿಗಳು. ತಮ್ಮನಿಗೆ ಫೋನ್ ಮಾಡಿದರೆ ಮಗಳ ಪರೀಕ್ಷೆ ಇದೆ ಅಂದ. ಕಡೆಗೆ ಕೆಳಗಿನ ಮನೆಯ ಸುಶೀಲಾ ಮಾವ್ಶಿಯ ಬಾಗಿಲು ತಟ್ಟಿದೆ. ಕಟ್ಟಡದವರಿಗೆಲ್ಲ ಮಾವ್ಶಿ, ಅಂದರೆ ಚಿಕ್ಕಮ್ಮ, ಡಬ್ಬಾಕ್ಕೆ ಅಡುಗೆ ಮಾಡಿ ಕಳಿಸುವ ಹೆಂಗಸು. ಐದು ವರ್ಷದಿಂದ ಚಹಾಕ್ಕೆ ಕರೆಯುತ್ತಿದ್ದಳು, ಐದು ವರ್ಷದಿಂದ ನಾನು ಕೆಲಸವಿದೆ ಅನ್ನುತ್ತಿದ್ದೆ. ಅವಳು ಹಿಟ್ಟಿನ ಕೈ ಒರೆಸಿಕೊಂಡು, ಎಷ್ಟು ಗಂಟೆಗೆ ಅಂತ ಮಾತ್ರ ಕೇಳಿದಳು. ಆಪರೇಷನ್ ದಿನದ ಡಬ್ಬಾಗಳನ್ನು ರದ್ದು ಮಾಡಿ ಬಂದಳು.

ಆಪರೇಷನ್ ಅರ್ಧ ಗಂಟೆಯದು. ಕೈಯನ್ನಷ್ಟೇ ಮರಗಟ್ಟಿಸುವ ಇಂಜೆಕ್ಷನ್. ಹಸಿರು ಬಟ್ಟೆಯ ಆಚೆ ನನ್ನ ಕೈ ಕೊಯ್ಯುತ್ತಿದ್ದರೆ ಈಚೆ ಮಲಗಿ ಛಾವಣಿ ನೋಡುತ್ತಿದ್ದೆ. ಹೊರಗೆ ಬಂದಾಗ ಮಾವ್ಶಿ ಬಾಗಿಲ ಹತ್ತಿರವೇ ನಿಂತಿದ್ದಳು.

ಆಮೇಲಿನ ದಿನಗಳು ಉದ್ದವಾಗಿದ್ದವು. ಎಡಗೈಯಲ್ಲಿ ಹಲ್ಲುಜ್ಜುವುದು, ಎಡಗೈಯಲ್ಲಿ ಅನ್ನ ಕಲಸುವುದು. ಮಾವ್ಶಿ ಬೆಳಿಗ್ಗೆ ಬಂದು ಜಡೆ ಹಾಕಿ, ಮರಾಠಿಯಲ್ಲಿ ಬೈದು ಹೋಗುತ್ತಿದ್ದಳು. ಅವಳು ಹೋದ ಮೇಲೆ ಮನೆ ಭಣಭಣ ಅನ್ನುತ್ತಿತ್ತು. ವಿಮಾನಗಳು ತಲೆಯ ಮೇಲೇ ಇಳಿಯುತ್ತವೆ ಅಂತ ಹನ್ನೊಂದು ವರ್ಷದಲ್ಲಿ ಮೊದಲ ಸಲ ಗಮನಿಸಿದೆ. ಕೆಲಸವಿದ್ದಾಗಲೂ ನಾನು ಇಷ್ಟೇ ಒಂಟಿಯಾಗಿದ್ದೆ. ಸೂಜಿ ಓಡುತ್ತಿದ್ದಾಗ ಅದು ಕಾಣುತ್ತಿರಲಿಲ್ಲ. ಕೈ ಕಟ್ಟಿ ಕೂತ ಮೇಲೆ ಅದನ್ನು ಎದುರಿಗೆ ಕೂರಿಸಿಕೊಂಡು ನೋಡಲೇಬೇಕಾಯಿತು.

ಕೈಗೆ ಹಾಕಿದ ಹೊಲಿಗೆ ಬಿಚ್ಚಿದರು. ಆಪರೇಷನ್ ಆಗಿ ಈಗ ಎರಡು ತಿಂಗಳಾಗಿದೆ. ತೋರುಬೆರಳಿಗೆ ಬಿಸಿ ತಿಳಿಯುತ್ತದೆ, ನೂಲಿನ ದಪ್ಪ ಇನ್ನೂ ತಿಳಿಯುವುದಿಲ್ಲ. ಫಿಸಿಯೋಥೆರಪಿಯ ಹುಡುಗಿ ಒಂದು ಮೆತ್ತನೆಯ ಚೆಂಡು ಕೊಟ್ಟಿದ್ದಾಳೆ, ಹಿಸುಕುತ್ತ ಕೂರುತ್ತೇನೆ. ದಿನಕ್ಕೆ ಒಂದು ಗಂಟೆ ಮಾತ್ರ ಸೂಜಿ ಹಿಡಿಯಬಹುದು ಅಂತ ಡಾಕ್ಟರು ಹೇಳಿದ್ದಾರೆ. ಬರೀ ವಿನ್ಯಾಸ ಕಟ್ಟಿ ಬೇರೆಯವರಿಂದ ಹೊಲಿಸುವ ದಾರಿ ಹುಡುಕುತ್ತಿದ್ದೇನೆ. ಹೋದ ವಾರ ಸೋಲಾಪುರದಿಂದ ಒಬ್ಬರು ಫೋನ್ ಮಾಡಿ, ಕನ್ನಡದಲ್ಲೇ, ತೊಟ್ಟಿಲ ಶಾಸ್ತ್ರಕ್ಕೆ ಕುಂಚಿಗೆ ಕೇಳಿದರು. "ಆಗಂಗಿಲ್ರಿ" ಅಂದೆ. ಹೌದೇನ್ರಿ, ಇರ್ಲಿ ಬಿಡ್ರಿ ಅಂದು ಇಟ್ಟರು. ಒಂದು ನಿಮಿಷವೂ ಆಗಿರಲಿಲ್ಲ. ಫೋನು ಹಿಡಿದು ಆ ನಂಬರನ್ನೇ ನೋಡುತ್ತ ಕೂತೆ. ಆದರೂ ಹೇಳಿದ್ದೆ.

ನಿನ್ನೆ ಸಂಜೆ ಶಕುಂತಲಾಬಾಯಿಗೆ ನಾನೇ ಫೋನ್ ಮಾಡಿದೆ. ನಂಬರು ಒತ್ತಿ ಎರಡು ಸಲ ಕತ್ತರಿಸಿ, ಮೂರನೇ ಸಲ ಬಿಟ್ಟೆ. ಮದುವೆ ಆಗಿಹೋಗಿತ್ತು.

"ಹಾಂ, ಹೇಳ್ರಿ. ಕೈ ಆರಾಮಾತೇನು? ಸೀರಿ ಹಂಗ ಅರ್ಧಕ್ಕ ಉಳದದ, ಕಳಸ್ಲ್ಯಾ, ಮುಗಿಸಿ ಕೊಡ್ತೀರೇನು?"

"ಇಲ್ರಿ. ಅದು ಇನ್ನ ನನ್ನ ಕೈಲೆ ಆಗಂಗಿಲ್ಲ. ಕೆಲಸಕ್ಕಂತ ಫೋನ್ ಮಾಡಿಲ್ರಿ."

"ಮತ್ತ?"

ಏನು ಹೇಳುವುದೆಂದು ಯೋಚಿಸಿಕೊಂಡಿದ್ದೆ. ಮದುವೆ ಹೇಗಾಯಿತು ಅಂತ ಕೇಳಬೇಕೆಂದಿದ್ದೆ. ಬಾಯಿಗೆ ಬೇರೆಯೇ ಬಂತು.

"ನಮ್ಮ ಮಾತು ಆಡ್ದೇ ಭಾಳ ದಿನಾ ಆತ್ರಿ. ಅದಕ್ಕ ಮಾಡಿದೆ."

ಅತ್ತ ಕುಕ್ಕರಿನ ಸೀಟಿ ಕೇಳಿಸಿತು, ಯಾರೋ ಬಾಗಿಲು ಹಾಕಿದ್ದು ಕೇಳಿಸಿತು. ಇಡುತ್ತಾರೆ ಅಂದುಕೊಂಡೆ. ಇಟ್ಟರೆ ಇಡಲಿ, ಅವರಿಗೆ ನನ್ನಿಂದ ಈಗ ಏನೂ ಆಗಬೇಕಾದ್ದಿಲ್ಲ.

"ತಡೀರಿ" ಅಂದರು ಶಕುಂತಲಾಬಾಯಿ. "ಗ್ಯಾಸ್ ಸಣ್ಣ ಮಾಡಿ ಬರ್ತೀನಿ. ನಿಂತು ಮಾತಾಡ್ಲಿಕ್ಕೆ ನನ್ನ ಮೊಣಕಾಲು ಕೇಳಂಗಿಲ್ಲ."

ಕುರ್ಚಿ ಎಳೆದ ಸದ್ದು ಕೇಳಿಸಿತು. ನಾನು ಫೋನನ್ನು ಕಿವಿಗೆ ಒತ್ತಿ ಹಿಡಿದು ಕಾಯುತ್ತ ಕೂತೆ.