ಹಿತ್ತಿಲ ಬಾಗಿಲ ಬಕೆಟ್ಟು

ಬೆಳಿಗ್ಗೆ ಅಕ್ಕಿ ತೊಳೆದ ನೀರನ್ನು ಹಿತ್ತಿಲ ಬಾಗಿಲ ಬಳಿಯ ಕಲಗಚ್ಚಿನ ಬಕೆಟ್ಟಿಗೆ ಸುರಿಯುವುದು ನನ್ನ ಮೊದಲ ಕೆಲಸ. ಸಿಪ್ಪೆ, ಮಿಕ್ಕ ಅನ್ನ ಎಲ್ಲ ಅದರೊಳಗೇ. ಸಂಜೆ ಪಕ್ಕದ ಮನೆಯಾಕೆ ಬಂದು ತನ್ನ ಹಸುವಿಗೆ ಒಯ್ಯುತ್ತಾಳೆ. ಅವತ್ತು ನೀರು ಬಿದ್ದ ರಭಸಕ್ಕೆ ಸೋರೆಕಾಯಿ ಸಿಪ್ಪೆ ಪಕ್ಕಕ್ಕೆ ಸರಿದು, ಕೆಳಗೆ ರಾತ್ರಿಯ ರಾಗಿಮುದ್ದೆ ಕಾಣಿಸಿತು. ಒಂದು ಕಡೆ ಮಾತ್ರ ಬೆರಳಿನ ಗುರುತು. ನಾನು ಅತ್ತೆಗೆ ಬಡಿಸಿದ ಮುದ್ದೆ.

ಅತ್ತೆ ಆಸ್ಪತ್ರೆಯಿಂದ ಬಂದು ಹತ್ತು ದಿನವಾಗಿತ್ತು. ಕೇಳಿದಾಗೆಲ್ಲ ಊಟ ಆಯ್ತು ಅನ್ನುತ್ತಿದ್ದರು, ತಟ್ಟೆ ತೊಳೆದು ಕವುಚಿಡುತ್ತಿದ್ದರು. ಆದರೂ ಬಳೆ ಮೊಣಕೈವರೆಗೆ ಜಾರುತ್ತಿತ್ತು. ಊಟ ಸೇರದಿದ್ದರೆ ಮತ್ತೆ ಅಡ್ಮಿಟ್ ಮಾಡಬೇಕಾಗುತ್ತದೆ ಎಂದು ಡಾಕ್ಟರ್ ಹೇಳಿದ್ದರು.

ಎದುರು ಮನೆಯ ಮಗ್ಗದ ಸದ್ದು ತಲೆಯೊಳಗೇ ಬಡಿದಂತಾಗುತ್ತಿತ್ತು. ಹಾಲು ಉಕ್ಕಿಸಿಬಿಟ್ಟೆ. ಕೇಳಿಯೇಬಿಡೋಣವೆಂದು ಅವರ ಕೋಣೆಯವರೆಗೆ ಹೋಗಿ ಎರಡು ಸಲ ಹಾಗೇ ವಾಪಸು ಬಂದೆ.

ಹೀರೇಕಾಯಿ ಹೆರೆಯುತ್ತಿದ್ದಾಗ ಅವರೇ ಬಂದು ಹೊಸ್ತಿಲ ಬಳಿ ಕೂತರು. ಸಿಪ್ಪೆ ಬಾಚಿಕೊಂಡು ಬಕೆಟ್ಟಿನ ಕಡೆ ಹೊರಟೆ.

"ಎಲ್ಲಾ ಹಸೂಗೇ ಹಾಕ್ಬಿಟ್ರೆ ನಾವು ಏನಮ್ಮ ತಿನ್ನೋದು?" ಅಂದರು.

ಸಿಪ್ಪೆ ಚಟ್ನಿ, ತಂಗಳನ್ನ ಕಲಸಿದ ರೊಟ್ಟಿ, ಕಾಳು ಬಸಿದ ಕಟ್ಟಿನ ಸಾರು, ಎಲ್ಲ ಅವರು ನನಗೆ ಕಲಿಸಿದ್ದೇ. ಹೊಸದಾಗಿ ಮಾಡಿದ್ದನ್ನೇ ಕೊಡಿ ಅಂದಿದ್ದರು ಡಾಕ್ಟರ್, ಅಷ್ಟೆ. ಕಾನ್ವೆಂಟಿನಲ್ಲಿ ಸಿಸ್ಟರ್ ಒಂದು ಹೇಳಿದರೆ ಎರಡು ಮಾಡುತ್ತಿದ್ದವಳು ನಾನು. ತಂಗಳಿನ ಜೊತೆಗೆ ಸಿಪ್ಪೆ, ಕಟ್ಟು ಎಲ್ಲವನ್ನೂ ಅವರ ಕಣ್ಣೆದುರೇ ಸುರಿಯುತ್ತ ಬಂದಿದ್ದೆ.

ಸಿಪ್ಪೆಯನ್ನು ತೊಳೆದು, ಎಣ್ಣೆಯಲ್ಲಿ ಗರಿಯಾಗುವಂತೆ ಹುರಿದೆ. ಉದ್ದಿನಬೇಳೆ, ಹುಣಸೆಹಣ್ಣು, ಒಂದೇ ಒಂದು ಒಣಮೆಣಸಿನಕಾಯಿ. ತೀರಾ ನುಣ್ಣಗೆ ಬೇಡ ಅಂತ ಕೂತಲ್ಲಿಂದಲೇ ಹೇಳಿದರು.

ಮುದ್ದೆ, ಚಟ್ನಿ ಇಟ್ಟವಳು ಎದುರಿಗೆ ನಿಲ್ಲಲಾರದೆ ಮಹಡಿಗೆ ಹೋದೆ. ಇನ್ನೂ ಒಣಗದ ಬಟ್ಟೆಗಳನ್ನು ಮಗುಚಿ ಹಾಕಿದೆ. ಇಳಿದು ಬಂದರೆ ತಟ್ಟೆ ತೊಳೆದು ಕವುಚಿಟ್ಟಿತ್ತು, ದಿನದ ಹಾಗೇ. ಬಕೆಟ್ಟಿಗೆ ಕೈ ಹಾಕಿ ನೋಡೋಣವೆಂದರೆ ಅವರ ಮಂಚ ಹಿತ್ತಿಲಿಗೇ ಎದುರು. ಮಧ್ಯಾಹ್ನವಿಡೀ ಒಳಗೆ ಹೊರಗೆ ಓಡಾಡಿದೆ. ಒರೆಸಿದ್ದ ಕಟ್ಟೆಯನ್ನೇ ಮತ್ತೆ ಒರೆಸಿದೆ.

ಸಂಜೆ ಪಕ್ಕದ ಮನೆಯಾಕೆ ಬಂದಳು. ಬಕೆಟ್ಟನ್ನು ಎತ್ತಿ, ಒಳಗೊಮ್ಮೆ ಕೈಯಾಡಿಸಿದಳು.

"ಏನಕ್ಕಾ, ಇವತ್ತು ಒಂದೇ ಮುದ್ದೆ? ದಿನಾ ಎರಡಿರ್ತಿತ್ತಲ್ಲ. ನಿಮ್ಮನೆ ಮುದ್ದೆ ರುಚಿ ಹತ್ಬಿಟ್ಟಿದೆ ನಮ್ಮ ಹಸೂಗೆ. ಮುನಿಸ್ಕೊಳ್ಳುತ್ತೆ ನೋಡಿ."