ಅತ್ತೆಯ ಡಬ್ಬಿ ವಿಯೆಟ್ನಾಮಿಗೆ ಹೋದಾಗ

ವಿಯೆಟ್ನಾಮಿನ ಡಾಕ್ಟರಮ್ಮ ನಮ್ಮತ್ತೆಯ ಸ್ಟೀಲ್ ಡಬ್ಬಿಯನ್ನು ಮೇಜಿನ ಮೇಲೆ ಬೋರಲು ಹಾಕಿದರು. ಬಿಳಿ, ಹಳದಿ, ಗುಲಾಬಿ ಮಾತ್ರೆಗಳು. ಅರ್ಧ ಮುರಿದದ್ದು, ಪೂರ್ತಿ ಪುಡಿಯಾದದ್ದು. ಜೊತೆಗೆ ನಾಲ್ಕು ಲವಂಗ.

'ಇದರಲ್ಲಿ ಯಾವುದು ಯಾವುದಕ್ಕೆ?' ಅಂತ ಇಂಗ್ಲಿಷಿನಲ್ಲಿ ಕೇಳಿದರು.

ನಾನು ಅತ್ತೆಯ ಮುಖ ನೋಡಿದೆ. ಅತ್ತೆ ಸೀಲಿಂಗ್ ಫ್ಯಾನ್ ಹುಡುಕಿದರು. (ಎಸಿ ರೂಮು, ಫ್ಯಾನ್ ಇರಲಿಲ್ಲ.)

ಆದದ್ದಿಷ್ಟು. ಮಧುಗಿರಿ, ಶಿರಾ ಕಡೆಯ ಹನ್ನೆರಡು ಹೆಂಗಸರು ಸೇರಿ ಫಾರಿನ್ ಟೂರ್ ಹೊರಟೆವು. ನಮ್ಮೂರು ಮಿಡಿಗೇಶಿಯಿಂದ ಆಚೆಗೆ ತಿರುಪತಿ ಮಾತ್ರ ನೋಡಿದ್ದ ನಮ್ಮತ್ತೆಗೆ ಪಾಸ್‌ಪೋರ್ಟ್ ಮಾಡಿಸಿದ್ದು ನಾನೇ. ಮೂರು ದಿನ ಎಲ್ಲ ಚೆನ್ನಾಗಿತ್ತು. ನಾಲ್ಕನೇ ದಿನ ಮಧ್ಯಾಹ್ನ ದೋಣಿ ಇಳಿದ ಅತ್ತೆ ದಡದಲ್ಲೇ ಕುಸಿದು ಕೂತರು. ಕಣ್ಣು ಕತ್ತಲೆ, ಮೈಯೆಲ್ಲ ಬೆವರು. ಟ್ಯಾಕ್ಸಿ ಹತ್ತಿಸಿ ಆಸ್ಪತ್ರೆಗೆ ತಂದೆವು.

'ನಂಗೇನಾಗಿಲ್ಲ ಕಣಮ್ಮ, ಬಿಸ್ಲು ಬಡ್ದೈತೆ ಅಷ್ಟೆ' ಅಂದರು ಅತ್ತೆ. ಆಸ್ಪತ್ರೆಯ ಬೀಪಿ ಮಷಿನ್ ಒಪ್ಪಲಿಲ್ಲ. ಬೀಪಿ ಪಾತಾಳದಲ್ಲಿತ್ತು.

'ಕಾರಣ ಗೊತ್ತಾಗುತ್ತಿಲ್ಲ. ತಲೆಯ ಸ್ಕ್ಯಾನ್ ಮಾಡಬೇಕು, ಮೂರು ದಿನ ಇಲ್ಲೇ ಇರಬೇಕು' ಅಂದರು ಡಾಕ್ಟರ್. ಮರುದಿನ ಸಂಜೆ ನಮ್ಮ ವಿಮಾನ. ಭಾನುವಾರ ಕೊರಟಗೆರೆಯಲ್ಲಿ ಮೊಮ್ಮಗಳ ಸೀಮಂತ. ಆ ಮೊಮ್ಮಗಳನ್ನು ಎತ್ತಿ ಆಡಿಸಿ ಬೆಳೆಸಿದ್ದು ಇದೇ ಅತ್ತೆ. 'ನಾನಿಲ್ದೆ ಅವ್ಳಿಗೆ ಬಳೆ ತೊಡ್ಸೋರ್ಯಾರು?' ಅಂತ ಕಣ್ಣಲ್ಲಿ ನೀರು ತಂದುಕೊಂಡರು.

ಹಾಗಾದರೆ ಏನು ನುಂಗಿದೆ ಅಂತ ಬಾಯಿ ಬಿಡಬೇಕಲ್ಲ? ಬಿಡಲಿಲ್ಲ.

ತಪ್ಪು ಡಬ್ಬಿಯದಲ್ಲ ಬಿಡಿ. ನಮ್ಮ ಕಡೆಯ ಮೆಡಿಕಲ್ ಸ್ಟೋರಿನಲ್ಲಿ ಏನು ಮಾಡುತ್ತಾರೆ? ಸ್ಟ್ರಿಪ್ಪಿಗೆ ಕತ್ತರಿ ಹಾಕಿ, ಬೇಕಾದ ನಾಲ್ಕು ಮಾತ್ರೆ ಕೊಡುತ್ತಾರೆ. ಹೆಸರು ಅಂಗಡಿಯಲ್ಲಿ ಉಳಿಯುತ್ತದೆ, ಬಣ್ಣ ಮನೆಗೆ ಬರುತ್ತದೆ. ಆಮೇಲೆ ಬೆಳಿಗ್ಗೆ ಬಿಳಿದು, ರಾತ್ರಿ ಹಳದಿದು. ಇದೇ ನಮ್ಮ ಮೆಡಿಕಲ್ ರೆಕಾರ್ಡ್. ಇದನ್ನು ಇಂಗ್ಲಿಷಿನಲ್ಲಿ ವಿವರಿಸುವಾಗ ನನ್ನ ಎಂ.ಎ. ಡಿಗ್ರಿ ನನಗೇ ನಾಚಿಕೆ ತರಿಸಿತು.

'ಇವತ್ತು ಬೇರೆ ಏನಾದರೂ ನುಂಗಿದರಾ?' ಡಾಕ್ಟರ್ ಮೂರನೇ ಸಲ ಕೇಳಿದರು. ನಾನು ಕನ್ನಡದಲ್ಲಿ ಕೇಳಿದೆ. ಅತ್ತೆ ಗೋಡೆ ಕಡೆ ಮಗ್ಗುಲಾದರು.

ಅಷ್ಟರಲ್ಲಿ ಬಾಗಿಲ ಬಳಿ ನಿಂತಿದ್ದ ರಜಿಯಾ ಟೀಚರ್ ಒಳಗೆ ಬಂದರು. ಶಿರಾದವರು, ರಿಟೈರ್ಡ್ ಮೇಡಂ, ಬಸ್ಸಿನಲ್ಲಿ ಅತ್ತೆಯ ಪಕ್ಕದ ಸೀಟು.

'ಯಾ ಅಲ್ಲಾ, ನಾನೇ ಕೊಟ್ಟಿದ್ದು ಕಣ್ರೀ! ಬಸ್ಸಲ್ಲಿ ತಲೆ ಭಾರ ಅಂದ್ರು. ನನ್ ಬೀಪಿ ಮಾತ್ರೆ ನಂಗೆ ಚೆನ್ನಾಗಿ ಒಗ್ಗೈತೆ, ಒಂದ್ ನುಂಗಿ ಅಂತ...'

'ಒಂದಲ್ಲ, ಎರಡು' ಅಂದರು ಅತ್ತೆ, ಗೋಡೆ ಕಡೆಯಿಂದಲೇ. 'ಒಂದ್ಕೆ ಕಮ್ಮಿ ಆಗ್ಲಿಲ್ಲ.'

ಅದಕ್ಕೂ ಮೊದಲು ತಮ್ಮ ಸ್ವಂತ ಬೀಪಿ ಮಾತ್ರೆ ನುಂಗಿಯಾಗಿತ್ತು!

'ಮತ್ತೆ ಹೇಳೋದಲ್ವಾ ಅತ್ತೆ?' ನನಗೆ ಸಿಟ್ಟು ಬಂತು.

'ಟೀಚರಮ್ಮ ಪ್ರೀತಿಯಿಂದ ಕೊಟ್ರು. ಅವ್ರನ್ನ ಪೊಲೀಸ್ನೋರು ಹಿಡ್ಕೊಂಡ್ ಹೋಗ್ಬುಟ್ರೆ?'

ನಾನು ನಗಬೇಕೋ ಅಳಬೇಕೋ? ಕೋಸಂಬರಿ ಕೊಟ್ಟು ಚಟ್ನಿಪುಡಿ ಇಸ್ಕೊಳ್ಳುವ ಹಾಗೆ ನಾವು ಮಾತ್ರೆಯನ್ನೂ ಹಂಚಿಕೊಳ್ಳುತ್ತೇವೆ ಅಂತ ಡಾಕ್ಟರಿಗೆ ಹೇಗೆ ಹೇಳಲಿ? ಹೇಗೋ ಹೇಳಿದೆ. ಆಕೆ ಪೆನ್ನು ಕೆಳಗಿಟ್ಟು ನಮ್ಮ ಮೂವರನ್ನೂ ಸರದಿಯಲ್ಲಿ ನೋಡಿದರು. ರಜಿಯಾ ಟೀಚರ್ ಬ್ಯಾಗಿನಿಂದ ತಮ್ಮ ಸ್ಟ್ರಿಪ್ ತೆಗೆದುಕೊಟ್ಟರು. (ಟೀಚರ್ ಅಲ್ಲವೇ, ಹೆಸರು ಇರುವ ತುದಿಯನ್ನು ಕತ್ತರಿಸಲು ಬಿಟ್ಟಿರಲಿಲ್ಲ.) ಸ್ಕ್ಯಾನ್ ಕ್ಯಾನ್ಸಲ್. ಗ್ಲೂಕೋಸ್ ಏರಿಸಿ, ಇಡೀ ರಾತ್ರಿ ಕಾದು ನೋಡಿ, ಬೀಪಿ ದಾರಿಗೆ ಬಂದ ಮೇಲೆ ಮರುದಿನ ಬಿಟ್ಟರು. 'ಇನ್ನೊಬ್ಬರ ಮಾತ್ರೆ ಯಾವತ್ತೂ ಮುಟ್ಟಬಾರದು' ಅಂತ ಬೆರಳು ತೋರಿಸಿ ಹೇಳಿದರು. ಅತ್ತೆ ಕೈಮುಗಿದರು. ರಜಿಯಾ ಟೀಚರ್ ಕಿವಿ ಹಿಡಿದುಕೊಂಡರು. ನಾನಂತೂ ಆ ಮಾತನ್ನು ಏರ್‌ಪೋರ್ಟಿನ ತನಕ ಇಬ್ಬರಿಗೂ ಪಾಠದ ಹಾಗೆ ಒಪ್ಪಿಸಿದೆ.

ಸಂಜೆ ವಿಮಾನ ಏರಿದೆವು. ರಾತ್ರಿ ನಿದ್ದೆಗೆಟ್ಟಿದ್ದೆ, ಹಣೆ ಸಿಡಿಯುತ್ತಿತ್ತು. ಕಣ್ಣು ಮುಚ್ಚಿ ನೆಟ್ಟಗೆ ಕೂತೆ. ಪಕ್ಕದಿಂದ ಡಬ್ಬಿಯ ಮುಚ್ಚಳ ತೆರೆದ ಸದ್ದು.

'ತಲೆನೋವಾ? ಈ ಗುಲಾಬಿದು ನಂಗೆ ಭಾಳ ಚೆನ್ನಾಗಿ ಒಗ್ಗೈತೆ ಕಣಮ್ಮ' ಅಂದರು ಅತ್ತೆ ಮೆಲ್ಲಗೆ.

ಆ ಡಾಕ್ಟರಮ್ಮ ಎಲ್ಲಾದರೂ ಕೂತಿದ್ದಾರಾ ಅಂತ ಒಮ್ಮೆ ಹಿಂದೆ ತಿರುಗಿ ನೋಡಿ, ಅಂಗೈ ಚಾಚಿದೆ.

ನಿಜ ಹೇಳಿ, ನೀವಾಗಿದ್ದರೆ ಹೆಸರು ಕೇಳುತ್ತಿದ್ದಿರಾ?